ಮೂರು ಕವಲಿನ ವಯರು

ಮನೆ, ಹಿಂದಿನ ಕೋಣೆ
ಗುರುವಾರ, ಮಾರ್ಚ್ ೧೪

ನನ್ನ ಮನೆಯೊಡತಿಗೆ,

ಹೇಗಿದ್ದೀಯ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅಕ್ಕನ ಮುರಿದ ಕಾಲು ನೋಡಿಕೊಳ್ಳುವ ಭರದಲ್ಲಿ ನಿನ್ನ ಕಾಲು ನಿನಗೇ ಮರೆತುಹೋಗಿದೆಯೋ? ಅವಳ ಪ್ಲಾಸ್ಟರ್ ಯಾವಾಗ ಬಿಚ್ಚುತ್ತಾರಂತೆ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮೊಮ್ಮಗಳು ಪುಟ್ಟಿ ಮೊನ್ನೆ ನನ್ನ ಕನ್ನಡಕವನ್ನು ಹಿಟ್ಟಿನ ಡಬ್ಬದಲ್ಲಿ ಹೂತಿಟ್ಟಿದ್ದಳು, ಬೇರೆ ತಾಪತ್ರಯವೇನಿಲ್ಲ. ಫೋನು ಬಿಟ್ಟು ಕಾಗದ ಯಾಕೆ ಅನ್ನಬೇಡ. ಫೋನು ಮಾಡಿದರೆ ನಿನ್ನಕ್ಕ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಈಗ ಹೇಳಹೊರಟಿರುವುದು ನನ್ನ ಮಾನದ ವಿಷಯ.

ನೀನು ಹೊರಟ ಮೇಲೂ ಮನೆಯಲ್ಲಿ ಇಂಟರ್‌ನೆಟ್ಟಿನ ಜಗಳ ನಿಂತಿರಲಿಲ್ಲ. ಬರುವುದು ಒಂದೇ ವಯರು, ಇರುವುದು ಮೂರು ಕಂಪ್ಯೂಟರು. ಮನೆಗಳ ನಕ್ಷೆ ಬರೆಯುವ ಮಗನದೊಂದು, ಸೊಸೆಯದೊಂದು, ನಾನು ಚದುರಂಗ ಆಡುವ ಹಳೆಯದೊಂದು. ನಮ್ಮ ಕಲ್ಲುಗೋಡೆ ದಾಟಲು ವೈಫೈಗೆ ಆಗುವುದಿಲ್ಲವಲ್ಲ. ಬೇಕಾದವರು ಬೇಕಾದಾಗ ವಯರು ಕಿತ್ತು ತಮ್ಮ ಕೋಣೆಗೆ ಎಳೆದುಕೊಂಡು ಹೋಗುವುದು, ಉಳಿದಿಬ್ಬರು ಕೂಗಾಡುವುದು, ಪುಟ್ಟಿ ಅದಕ್ಕೆ ಎಡವಿ ಬೀಳುವುದು. ಎಲ್ಲ ನೀನು ನೋಡಿದ್ದೇ.

ಮಂಗಳವಾರ ಹನ್ನೊಂದು ಗಂಟೆಗೆ ಸೊಸೆಗೆ ಕಂಪ್ಯೂಟರಿನಲ್ಲೇ ಸಂದರ್ಶನ ಇತ್ತು. ಪುಟ್ಟಿ ಹುಟ್ಟುವ ಮುಂಚೆ ಮಾಡುತ್ತಿದ್ದಂಥದೇ ಕೆಲಸ, ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ನೋಡಿಕೊಳ್ಳುವುದು. ಮೂರು ವರ್ಷ ಮನೆಯಲ್ಲಿದ್ದವಳನ್ನು ಯಾರಾದರೂ ಕರೆದದ್ದು ಇದೇ ಮೊದಲು. ಅಂಥಾದ್ದರಲ್ಲಿ ಹಿಂದಿನ ವಾರ ಊಟಕ್ಕೆ ಕೂತಾಗ ನನ್ನ ಹಾಳು ಬಾಯಿ, "ಮಗು ಇನ್ನೂ ಚಿಕ್ಕದು, ಈಗ್ಲೇ ಕೆಲಸ ಯಾಕೆ?" ಅಂದುಬಿಟ್ಟಿತು. ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಆಮೇಲೆ ನನಗೆ ತಿಂದದ್ದು ಮೈಗೆ ಹತ್ತಲಿಲ್ಲ ಕಣೇ. ಅವಳ ಕೋಣೆಗೇ ಒಂದು ವಯರು ಕೊಟ್ಟರೆ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಾತಾಡುತ್ತಾಳೆ ಎಂದುಕೊಂಡೆ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವುದಕ್ಕಿಂತ ಅದೇ ಸುಲಭ ಅನ್ನಿಸಿತು. ನನ್ನ ಬುದ್ಧಿ ನಿನಗೆ ಗೊತ್ತೇ ಇದೆ.

ನಲವತ್ತು ವರ್ಷ ಪ್ಲಂಬರ್ ಆಗಿದ್ದವನು ನಾನು. ಒಂದು ಪೈಪಿಗೆ ಕವಲು ಹಾಕಿ ಮೂರು ಕಡೆ ನೀರು ಕೊಡುವುದು ಯಾವ ಮಹಾ ಕೆಲಸ? ಅವತ್ತು ಬೆಳಿಗ್ಗೆ ಮಗ ಸೈಟಿಗೆ ಹೋಗಿದ್ದ, ಸೊಸೆ ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದಳು. ವಯರನ್ನು ನಡುವೆ ಕಚಕ್ಕನೆ ಕತ್ತರಿಸಿದೆ. ಮಗನ ಡ್ರಾಯರಿನಲ್ಲಿದ್ದ ಇನ್ನೊಂದನ್ನೂ ಎರಡು ತುಂಡು ಮಾಡಿದೆ. ಒಳಗೆ ಕೂದಲಿನಷ್ಟು ಸಣ್ಣ ಎಂಟೆಂಟು ತಂತಿ! ಬಣ್ಣಕ್ಕೆ ಬಣ್ಣ ಸೇರಿಸಿ, ಹೊಸೆದು, ಟೇಪು ಸುತ್ತಿದೆ. ಸೋರಬಾರದು ಅಂತ ಇನ್ನೆರಡು ಸುತ್ತು ಜಾಸ್ತಿಯೇ ಸುತ್ತಿದೆ. ನಗಬೇಡ. ಮೂರು ಕಂಪ್ಯೂಟರಿಗೂ ಬರುವುದಿರಲಿ, ಒಂದಕ್ಕೆ ಬರುತ್ತಿದ್ದದ್ದೂ ಹೋಯಿತು.

ಒಂಬತ್ತೂವರೆಗೆ ಸೊಸೆ ಬಂದು ನೋಡಿದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ, "ಮಾವ, ಬೇಕೂಂತ ಮಾಡಿದ್ರಾ?" ಅಂದಳು. ನನ್ನ ಜೀವ ಬಾಯಿಗೆ ಬಂತು. "ಇಲ್ಲ ಕಣಮ್ಮ, ಅವತ್ತು ಹಾಗಂದಿದ್ದು ನನ್ನ ತಪ್ಪು. ನೀನು ಬಾಗಿಲು ಹಾಕ್ಕೊಂಡು ಮಾತಾಡೋ ಹಾಗೆ ಆಗ್ಲಿ ಅಂತ..." ಅನ್ನುತ್ತಾ ನಾನು ಹೊಸೆದದ್ದನ್ನು ಎತ್ತಿ ತೋರಿಸಿದೆ. ಅವಳು ನನ್ನ ಮುಖ ನೋಡಿದಳು, ಬದನೆಕಾಯಿ ಗಾತ್ರದ ಟೇಪಿನ ಗಂಟು ನೋಡಿದಳು, ಪಕ್ಕನೆ ನಕ್ಕುಬಿಟ್ಟಳು. "ಸೋರ್ಬಾರ್ದು ಅಂತ ಇಷ್ಟು ಸುತ್ತಿದ್ರಾ?"

ಓಡಿಹೋಗಿ ಬೀರುವಿನಿಂದ ತನ್ನ ಹಳೇ ಕೆಲಸದ ಚೀಲವನ್ನೂ ಒಂದು ಪುಟ್ಟ ಡಬ್ಬಿಯನ್ನೂ ತಂದಳು. ನಾಲ್ಕಾರು ತೂತಿನ ಡಬ್ಬಿ ಅದು. ವರ್ಷದ ಹಿಂದೆಯೇ ತಂದಿದ್ದಳಂತೆ, ಗೋಡೆ ಕೊರೆಯಕೂಡದು ಅಂತ ನಾನೇ ಗದರಿದ್ದಕ್ಕೆ ಒಳಗಿಟ್ಟಿದ್ದಳಂತೆ. "ನೀರಾದ್ರೆ ಯಾವ ನಲ್ಲೀಲಿ ಬಂದ್ರೂ ನೀರೇ, ಮಾವ. ಇಲ್ಲಿ ಬರೋ ಒಂದೊಂದಕ್ಕೂ ಒಂದೊಂದು ವಿಳಾಸ ಇರುತ್ತೆ. ಈ ಡಬ್ಬಿ ಪೋಸ್ಟ್‌ಮ್ಯಾನ್ ಥರ, ವಿಳಾಸ ನೋಡಿ ಹಂಚುತ್ತೆ." ಹಾಗೆ ಹೇಳಿದ್ದರೆ ನನಗೆ ಎಂದೋ ಅರ್ಥವಾಗುತ್ತಿತ್ತು. ಕತ್ತರಿಸಿದ ನಾಲ್ಕು ತುದಿಗೂ ಹೊಸ ಪ್ಲಗ್ಗು ಕೂರಿಸಬೇಕಿತ್ತು. ಪುಟ್ಟಿ ಒದ್ದೆ ತಲೆಯಲ್ಲೇ ಅವಳ ಸೊಂಟಕ್ಕೆ ಅಂಟಿಕೊಂಡು ಇಳಿಯಲೊಲ್ಲಳು. ಹಾಗಾಗಿ ಬಾಯಿ ಅವಳದು, ಕೈ ನನ್ನದು. "ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ..." ಅವಳು ಹೇಳುತ್ತಾ ಹೋದಳು, ನಾನು ತಂತಿ ಸಾಲಾಗಿ ಹಿಡಿದು ಇಕ್ಕಳ ಒತ್ತುತ್ತಾ ಹೋದೆ. ಮೂರನೆಯದು ಕೆಟ್ಟಿತು, ಕತ್ತರಿಸಿ ಬೇರೆಯದು ಕೂರಿಸಿದೆ. ಹತ್ತೂ ಮುಕ್ಕಾಲಿಗೆ ಡಬ್ಬಿಯ ಮೇಲೆ ಹಸಿರು ದೀಪ ಪಿಳಿಪಿಳಿ ಅಂದಾಗ ಪುಟ್ಟಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಅವಳು ಬಾಗಿಲು ಹಾಕಿಕೊಂಡಳು. ನಾನೂ ಪುಟ್ಟಿಯೂ ಹೊರಗೆ ಕೂತು ಪಿಸುಮಾತಿನಲ್ಲಿ ಆಟವಾಡಿದೆವು. ಒಳಗಿನಿಂದ ಸೊಸೆಯ ನಗು ಕೇಳಿಸಿತು. ಅವಳು ಅಷ್ಟು ಧೈರ್ಯವಾಗಿ ಮಾತಾಡುವುದನ್ನು ನಾನು ಕೇಳಿಯೇ ಇರಲಿಲ್ಲ, ಎಷ್ಟು ಖುಷಿಯಾಯಿತು ಗೊತ್ತಾ! ನಿನ್ನೆ ಗೋಡೆಯನ್ನು ನಾನೇ ಕೊರೆದು ಮೂರು ಕೋಣೆಗೂ ವಯರು ಎಳೆದೆ. ಹೌದು, ಹೊಸ ಬಣ್ಣದ ಗೋಡೆಯೇ. ಬೈಗುಳವನ್ನು ಮುಂದಿನ ಕಾಗದದಲ್ಲಿ ಬರೆ. ಸಂಜೆ ಮೂರು ಕಂಪ್ಯೂಟರೂ ಒಟ್ಟಿಗೇ ನಡೆದವು. ಚದುರಂಗದಲ್ಲಿ ಸೋತೆ, ಆದರೆ ಆಟ ಮುಗಿಯುವ ತನಕ ಯಾರೂ ವಯರು ಕೀಳಲಿಲ್ಲ.

ನಿನ್ನಕ್ಕನ ಕಾಲು ಬೇಗ ನೆಲ ಮೆಟ್ಟಲಿ. ಪುಟ್ಟಿ ನಿನಗೊಂದು ಮುತ್ತು ಕೊಟ್ಟಿದ್ದಾಳೆ, ಕಾಗದದ ಮೂಲೆಯ ಒದ್ದೆ ಅದೇ.

ಇತಿ ನಿನ್ನವನೇ,
ಟೇಪು ಸುತ್ತಿದ ಪ್ಲಂಬರು

ತಾ.ಕ.: ಕಾಗದ ಮಡಚುತ್ತಿದ್ದ ಹಾಗೇ ಸೊಸೆ ಓಡಿಬಂದಳು. ಕೆಲಸ ಸಿಕ್ಕಿತು ಕಣೇ! ಮುಂದಿನ ತಿಂಗಳ ಒಂದರಿಂದಲೇ. ಅವಳು ಕೇಳುವ ಮುಂಚೆಯೇ "ಪುಟ್ಟೀನ ನಾನು ನೋಡ್ಕೋತೀನಿ" ಅಂದುಬಿಟ್ಟೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಈಗ ನನ್ನ ಎದೆ ಡವಡವ. ಮಧ್ಯಾಹ್ನ ಪುಟ್ಟಿ ಮಲಗುವುದು ನೀನು ಕಟ್ಟಿದ ಆ ಹಾಡಿಗೆ ಮಾತ್ರ, ನನಗೆ ಮೊದಲ ಸಾಲಿನಾಚೆ ಬರುವುದಿಲ್ಲ. ಇದು ಕೈಗೆ ಸಿಕ್ಕಿದ ತಕ್ಷಣ ಫೋನು ಮಾಡಿ ಪೂರ್ತಿ ಹಾಡಿಸಿ ಕಲಿಸು. ನಿನ್ನಕ್ಕ ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ.