ಏಳನೆಯ ಚುಕ್ಕಿ ಸರಿದಿದೆ

ಮಂಗಳನ ಉತ್ತರ ತುದಿ,
ಕ್ರಿ.ಶ. 2614, ಎರಡನೆಯ ನೆರಳುಮಾಸದ ಹನ್ನೊಂದು

ಇಂಚರಾ, ಚೆನ್ನಾಗಿದ್ದೀಯೇನಮ್ಮ? ನಿನ್ನ ಗಂಡ ಬಸವಂತನ ಮಂಡಿನೋವು ಇಳಿಯಿತಾ? ನಿಮ್ಮ ಕೂಸು ತುಂಗೆಗೆ ಮಾತು ತಿರುಗಿತಾ? ಹಡಗಿನಲ್ಲೇ ಹುಟ್ಟಿದ ಆ ಮಗುವಿಗೆ ನಮ್ಮ ಠಾಣೆಯ ಪದಗಳು ವಿಚಿತ್ರ ಅನಿಸಬಹುದು, ಮನ್ನಿಸಿ. ಸೂರ್ಯ ಹುಟ್ಟದ ತಿಂಗಳುಗಳಿಗೆ ಇಲ್ಲಿ ನೆರಳುಮಾಸ ಅಂತೇವೆ. ತಾಳ ತಪ್ಪದೆ ಮಿಡಿಯುವ ನಕ್ಷತ್ರಗಳಿಗೆ, ಅಂದರೆ ಪಲ್ಸಾರ್‌ಗಳಿಗೆ, ಮಿಡಿಚುಕ್ಕಿ ಅಂತೇವೆ.

ಉಳಿದವರೆಲ್ಲ ಬಿಸಿಲಿರುವ ಊರುಗಳಿಗೆ ಇಳಿದು ಹೋಗಿದ್ದಾರೆ. ಚುಕ್ಕಿಗಳನ್ನು ಆಲಿಸಲು ಒಬ್ಬರಾದರೂ ಇರಬೇಕಲ್ಲ, ನಾನಿದ್ದೇನೆ. ಒಬ್ಬಳಿಗೆ ಅಂತ ಮುದ್ದೆ ಮಾಡಿದರೂ ಎರಡಾಗುತ್ತೆ. ಉಳಿದದ್ದನ್ನು ಮರುದಿನ ಅಂಬಲಿ ಮಾಡಿಕೊಂಡು ಕುಡಿಯುತ್ತೇನೆ. ಮಾತಾಡುವುದಕ್ಕೆ ಯಾರೂ ಇಲ್ಲದೆ, ಬರೆಯುವ ಅಂಕಿಗಳನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತೇನೆ.

ಈಗ ವಿಷಯ. ನಾನು ಶಾಲೆಯಲ್ಲಿ ಕಲಿತವಳಲ್ಲ, ನಿಮ್ಮ ಹಾಲೇಶಜ್ಜನ ಪಕ್ಕ ಕೂತು ಕಲಿತವಳು. ಮಂಗಳ ಸೂರ್ಯನನ್ನು ಸುತ್ತುವಾಗ ನಾವು ಚುಕ್ಕಿಯ ಬದಿಗೆ ಬಂದರೆ ಮಿಡಿತ ಕೊಂಚ ಬೇಗ ಮುಟ್ಟುತ್ತೆ, ಆಚೆ ಬದಿಗೆ ಹೋದರೆ ತಡ. ಒಂದು ಇಡೀ ಸುತ್ತು ಆ ಬೇಗ-ತಡ ಬರೆದಿಟ್ಟರೆ ಚುಕ್ಕಿಯ ಜಾಗ ಸಿಗುತ್ತೆ. ಚುಕ್ಕಿಗಳೂ ಸುಮ್ಮನೆ ಕೂರುವುದಿಲ್ಲ. ಅದರಲ್ಲೂ ನಮ್ಮ ಪಟ್ಟಿಯ ಏಳನೆಯದು ಬಹಳ ಚುರುಕು. "ಅದು ನನ್ನ ಎಮ್ಮೆ ಕಣೇ, ಕಟ್ಟಿದ ಕಡೆ ನಿಲ್ಲಲ್ಲ" ಅನ್ನುತ್ತಿದ್ದರು ಅಜ್ಜ. ಹುಟ್ಟಿದ ಮೇಲೆ ಒಂದು ಎಮ್ಮೆ ಕಂಡವರಲ್ಲ!

ಸತ್ತವರು ಕೊನೆಗೆ ಅಳೆದ ಅಂಕಿಯನ್ನು ಒಂದು ವರ್ಷ ಯಾರೂ ತಿದ್ದಬಾರದು ಅಂತ ನಮ್ಮ ಠಾಣೆಯಲ್ಲೊಂದು ಪದ್ಧತಿ. ಅಜ್ಜ ಕೊನೆಗೆ ಅಳೆದದ್ದು ಈ ಏಳನೆಯದನ್ನೇ. ವರ್ಷ ಕಳೆಯಿತು, ಐದು ವರ್ಷ ಕಳೆಯಿತು, ತಿದ್ದಲು ನನಗೆ ಕೈ ಬರಲಿಲ್ಲ. ನೀವು ಹೊರಟಾಗ, ಹಡಗು ಎಲ್ಲಿದೆ ಅಂತ ಚುಕ್ಕಿ ನೋಡಿ ತಿಳಿಯಲು, ಚುಕ್ಕಿಪಟ್ಟಿಯನ್ನು ನಕಲು ಮಾಡಿ ಕೊಟ್ಟೆನಲ್ಲ, ಅದರ ತಲೆಯಲ್ಲಿ ಆ ವರ್ಷದ ತಾರೀಖು ಬರೆದೆ. ಚುಕ್ಕಿ ಎಷ್ಟು ಸರಿದಿದೆ ಅಂತ ನೀವು ಲೆಕ್ಕ ಹಾಕುವುದು ಆ ತಾರೀಖಿನಿಂದಲೇ. ಉಳಿದವೆಲ್ಲ ಆಗಷ್ಟೇ ಅಳೆದವು. ಏಳನೆಯದು ಮಾತ್ರ ಐದು ವರ್ಷ ಹಳತು. ಅದನ್ನು ನಿಮಗೆ ಹೇಳಲೇ ಇಲ್ಲ.

ಈಗ ಹೊಸದಾಗಿ ಅಳೆದಿದ್ದೇನೆ. ನಿಮ್ಮ ಪಟ್ಟಿಯ ಅಂಕಿಗೆ ಪೂರ್ವದ ಕಡೆ ಒಂದೂವರೆ ವಿಕಲೆ ಸೇರಿಸಿ; ಒಂದು ಡಿಗ್ರಿಯನ್ನು ಮೂರು ಸಾವಿರದ ಆರುನೂರು ಪಾಲು ಮಾಡಿದರೆ ಒಂದು ಪಾಲು ಒಂದು ವಿಕಲೆ. ಕೂದಲೆಳೆಯಷ್ಟು ಅನಿಸುತ್ತೆ, ಆದರೆ ನೀವಿರುವಷ್ಟು ದೂರಕ್ಕೆ ಅದು ಎಪ್ಪತ್ತೈದು ಲಕ್ಷ ಕಿಲೋಮೀಟರ್ ತಪ್ಪು. ಹಾಗೆಯೇ ಹಡಗು ತಿರುಗಿಸಿದರೆ ನೀವು ಸೇರಬೇಕಾದ ಊರು ಸಿಗದೆ ದಾಟಿ ಹೋಗುತ್ತೀರಿ.

ತಿರುವಿಗೆ ಇನ್ನು ಐವತ್ತು ದಿನ. ಈ ಓಲೆ ಮುಟ್ಟಲು ನಲವತ್ತು. ಓದಿದ ಕೂಡಲೇ ತಿದ್ದಿ. ಅಜ್ಜನ ಅಂಕಿ ಅಂತ ನೀವೂ ನೋಡುತ್ತಾ ಕೂರಬೇಡಿ.

ನಿಮ್ಮ ಉತ್ತರ ಬರುವಷ್ಟರಲ್ಲಿ ತಿರುವು ಮುಗಿದಿರುತ್ತೆ, ಅದು ಗೊತ್ತು. ಆದರೂ ತಿದ್ದಿದ ದಿನವೇ ಒಂದು ಸಾಲು ಬರೆದು ಹಾಕಮ್ಮ. ಬೈದು ಬರೆದರೂ ಸರಿ, ಬೇಗ ಬರೆ.

ನಿನ್ನ ಅಜ್ಜಿ,
ಶಾಂತವೀರಮ್ಮ