ಹುಣಸೆಬೀಜದ ಆಟಕ್ಕೆ ಠಾಣೆ, ಪೋಕರ್ ಪಂದ್ಯಕ್ಕೆ ದೀಪ

ಪೋಕರ್ ಚಾಂಪಿಯನ್‌ಶಿಪ್‌ಗೆ ದೀಪ ಬೆಳಗಿದ ಠಾಣಾಧಿಕಾರಿಗಳೇ,

ವರ್ಷತೊಡಕಿನ ದಿನ ನಿಟ್ಟುವಳ್ಳಿಯ ಗುಡಿಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ನನ್ನ ಅಪ್ಪ ಹನುಮಂತಪ್ಪನವರನ್ನು ನಿಮ್ಮವರು ಕೈಹಿಡಿದೆಳೆದು ಜೀಪು ಹತ್ತಿಸಿದರು. ಯುಗಾದಿಯ ಮರುದಿನ ಎಲೆ ಹಿಡಿಯುವುದು ನಮ್ಮಲ್ಲಿ ಹೋಳಿಗೆಯಷ್ಟೇ ಸಹಜ. "ಸಾಹೇಬ್ರೆ, ದುಡ್ಡಲ್ರಿ, ಹುಣಸೆಬೀಜ ಐತೆ ನೋಡ್ರಿ" ಎಂದು ಜೊತೆಗಾರ ಸೂರಪ್ಪ ಅಂಗೈ ಚಾಚಿದರೆ, "ಬಾಯ್ಮುಚ್ಚಲೇ ಮುದುಕ" ಎಂಬ ಉತ್ತರ ಬಂತು. ಸಂಜೆ ಬಿಟ್ಟು ಕಳಿಸಿದಿರಿ, ಕೇಸೂ ಹಾಕಲಿಲ್ಲ. ದೊಡ್ಡ ಉಪಕಾರವಾಯಿತು!

ಮುಂದಿನ ವಾರವೇ ದಾವಣಗೆರೆಯ ಹೋಟೆಲೊಂದರಲ್ಲಿ ನಡೆದ, ಪೋಕರ್ ಎಂಬ ಇಸ್ಪೀಟಾಟದ ಚಾಂಪಿಯನ್‌ಶಿಪ್‌ಗೆ ನೀವು ಮುಖ್ಯ ಅತಿಥಿ. ನಿಮ್ಮ ಭಾಷಣವನ್ನು ಪತ್ರಿಕೆಯಲ್ಲಿ ಓದಿದೆ. ಅಮೆರಿಕದ ಜೂಜುಕೇಂದ್ರವೊಂದರಲ್ಲಿ ಬೆರಳೆಣಿಕೆಯ ಆಟಗಾರರು ಸೇರಿ, ತಮ್ಮೊಳಗೆ ಗಟ್ಟಿಗ ಯಾರೆಂದು ಮತ ಹಾಕಿ ಪೋಕರ್‌ನ ಮೊದಲ ಚಾಂಪಿಯನ್ನನ್ನು ಆರಿಸಿದ್ದು, ಟಿವಿ ಬಂದು ಆಟಗಾರರ ಕೈಯೊಳಗಿನ ಎಲೆಗಳನ್ನು ಲೋಕಕ್ಕೆಲ್ಲ ತೋರಿಸಿದ್ದು, ಲೆಕ್ಕಪತ್ರ ಬರೆಯುವ ಸಾಮಾನ್ಯನೊಬ್ಬ ಕಂಪ್ಯೂಟರಿನಲ್ಲಿ ಆಡಿ ಪ್ರವೇಶ ಪಡೆದು, ಪಂದ್ಯವನ್ನೇ ಗೆದ್ದ ಮೇಲೆ ಸಾವಿರಾರು ಜನ ನುಗ್ಗಿದ್ದು, ಎಲ್ಲವನ್ನೂ ಹೇಳಿದ್ದೀರಿ. ಇದು ಜಾಣ್ಮೆಯ ಆಟವೆಂದೂ ಸೇರಿಸಿದ್ದೀರಿ. ಇರಬಹುದು. ನಿಮ್ಮ ಜೀಪು ಆ ಮೊದಲಿಗರ ಬಾಗಿಲಿಗೆ ಹೋಗಿದ್ದರೆ ಈ ಚರಿತ್ರೆ ಎಲ್ಲಿರುತ್ತಿತ್ತು ಸ್ವಾಮಿ? ಎಸಿ ಕೋಣೆಯಲ್ಲಿ ಜಾಣ್ಮೆಯಾದದ್ದು ಗುಡಿಕಟ್ಟೆಯ ಮೇಲೆ ಅಪರಾಧವಾಗುವುದು ಹೇಗೆ? ನಮ್ಮ ಓಣಿಯವರಿಗೆ ಇನ್ನೂ ಅರ್ಥವಾಗಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ವರ್ಷತೊಡಕಿನಂದು ಏನಾಗುತ್ತದೋ ವರ್ಷವಿಡೀ ಅದೇ ಆಗುತ್ತದೆಂದು ಅಪ್ಪ ನಂಬಿದವರು. ಆ ದಿನ ಮನೆಯಲ್ಲಿ ಯಾರನ್ನೂ ಬೈಯಗೊಡುತ್ತಿರಲಿಲ್ಲ. ಬರುವ ತಿಂಗಳು ಹರಿಹರದಲ್ಲಿ ನನ್ನ ಮಗಳು ಬಿಂದುವಿನ ಮದುವೆ. ನನ್ನ ಯಜಮಾನರು ತೀರಿಕೊಂಡಿದ್ದಾರೆ. ಧಾರೆ ಎರೆಯಬೇಕಾದವರು ಅಪ್ಪನೇ.

"ಪೊಲೀಸ್ರು ಹಿಡಿದ ಕೈ ಇದು. ಈ ವರ್ಷ ಪೂರ್ತಿ ಇದಕ್ಕ ಅದೇ ಬರೆದೈತೆ. ಕೂಸಿನ ಕೈಮ್ಯಾಲೆ ಈ ಕೈಲಿ ಹೆಂಗೆ ನೀರು ಬಿಡ್ಲವ್ವ? ನಾ ಬರಲ್ಲ, ಬ್ಯಾಡ" ಎನ್ನುತ್ತಾರೆ.

ಬಿಂದು ಕಾಲು ಹಿಡಿದು ಅತ್ತಳು: "ಅಜ್ಜ, ನೀ ಬರ್ದಿದ್ರೆ ನಂಗೆ ಮದುವೀನ ಬ್ಯಾಡ."

ಅವರು ಗೋಡೆ ಕಡೆ ತಿರುಗಿ ಮಲಗಿದರು.

ತನಿಖೆ ಗಿನಿಖೆ ನಾನು ಕೇಳುತ್ತಿಲ್ಲ. ಮದುವೆಗೆ ಮುಂಚೆ, ಸಮವಸ್ತ್ರದಲ್ಲೇ, ಹಗಲು ಹೊತ್ತಿನಲ್ಲಿ ನಮ್ಮ ಮನೆಗೆ ಬನ್ನಿ. ಓಣಿಯವರೆಲ್ಲ ನೋಡುವಂತೆ ಅಪ್ಪನ ಕೈ ಹಿಡಿದು, "ತಪ್ಪಾಯ್ತು ಯಜಮಾನ್ರೆ, ಮೊಮ್ಮಗಳಿಗೆ ಧಾರೆ ಎರೆದು ಬರ್ರಿ" ಎನ್ನಿ. ನಾವು ಕರೆದರೆ ಅವರು ಏಳುತ್ತಿಲ್ಲ. ನೀವು ಕರೆದರೆ ಏಳುತ್ತಾರೇನೋ.

ಇಂತಿ,
ಲಗ್ನಪತ್ರಿಕೆ ಹಂಚಲು ಕೈಬಾರದ ತಾಯಿ,
ಸುಧಾ, ನಿಟ್ಟುವಳ್ಳಿ