ಆಡಿ ತಿಂಗಳ ಸೋಪು

ಜೂನ್ 21, 1998. ತೇವಾರಂ

ಆರ್ಡರ್ ಬಂತು, ಇನ್ನೂರು ಸೋಪಿಗೆ, ತೇನಿಯ ಫ್ಯಾನ್ಸಿ ಸ್ಟೋರಿನಿಂದ — ಮದುವೆಯಾಗಿ ತಿಂಗಳೂ ಆಗಿಲ್ಲ! ನಾನು ತವರಿನಲ್ಲಿ ಮಾಡಿ ತಂದ ನಾಲ್ಕು ಸೋಪನ್ನು ಶರವಣ ಅಲ್ಲಿ ತೋರಿಸಿದನಂತೆ. (ಗಂಡನ ಹೆಸರು ಇಲ್ಲಿ ಮಾತ್ರ ಬರೆಯಬಹುದು. ಬಾಯಲ್ಲಿ ಬರೀ ‘ಮಾಮಾ’.)

ಮನೆ ಹಿಂದಿನ ಕೊಟ್ಟಿಗೆ ಈಗ ನಮ್ಮ ಫ್ಯಾಕ್ಟರಿ. ತೋಟದಲ್ಲಿ ಉಳಿದ ಪಿವಿಸಿ ಪೈಪೇ ಅಚ್ಚು. ಕಾಸ್ಟಿಕ್ ಸೋಡಾ ಡೇಂಜರ್ ಅಂತ ಹೇಳಿ ಬಾಗಿಲು ಹಾಕಿಕೊಳ್ಳುತ್ತೇವೆ. ಹಗಲು ಹೊತ್ತು ನಾವಿಬ್ಬರೇ ಇರೋಕೆ ಈ ಮನೆಯಲ್ಲಿ ಬೇರೆ ಜಾಗವೇ ಇಲ್ಲ. ಕಾಲೇಜ್ ನೋಟ್ಸ್ ನೋಡಿ ನಾನು ಅಳತೆ ಹೇಳುವುದು, ಅವನು ಕಲಕುವುದು. ರೋಸ್ ಸೆಂಟ್, ಪಿಂಕ್ ಬಣ್ಣ. ಅವನ ಮೂಗಿನ ಮೇಲೂ ಪಿಂಕ್. ಸೋ ಸೋ ಹ್ಯಾಪಿ.

ಜುಲೈ 3

ಚಿನ್ನಮನೂರಿನಿಂದ ಇನ್ನೂ ಮುನ್ನೂರು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು — “ನಮ್ಮ ಸೊಸೆ ಕೈ ಸುಮ್ನೆ ಇರಲ್ಲ.” ಹಿಗ್ಗಿಹೋದೆ. ನಾನು ಗೇಟಿನಾಚೆ ಕಾಲಿಟ್ಟು ಒಂಬತ್ತು ದಿನವಾಯಿತು... ಗಮನಿಸಿರಲೇ ಇಲ್ಲ.

ಜುಲೈ 14

ಶುಕ್ರವಾರ ಆಡಿ ಹುಟ್ಟುತ್ತದೆ. ಹೊಸ ಸೊಸೆ ತವರಿಗೆ ಹೋಗುವ ತಿಂಗಳು. ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದು. ನನ್ನ ಪೆಟ್ಟಿಗೆ ರೆಡಿ ಇತ್ತು. ದಿಂಡಿಗಲ್‌ನಿಂದ ಅಪ್ಪ ಹಣ್ಣು, ಸೀರೆಯ ತಟ್ಟೆ ತಂದರು. ಅತ್ತೆ ತಟ್ಟೆ ತೆಗೆದುಕೊಂಡರು. ನನ್ನನ್ನು ಬಿಡಲಿಲ್ಲ.

“ಇವಳು ನಿಮ್ಮ ಜೊತೆ ಬಂದ್ರೆ ಸೋಪು ಯಾರು ಕಲಕೋದು, ಬೀಗರೇ? ಜೋಡಿ ಬೇರೆ ಇರಬೇಕು, ಅಷ್ಟೇ ತಾನೇ? ಮಗನ್ನೇ ಬೋಡಿಗೆ ಕಳಿಸ್ತೀನಿ, ಅವನ ಸೋದರಮಾವನ ಮನೆಗೆ.”

“ಆಡಿಗೆ ಅಳಿಯ ಊರು ಬಿಡೋದು ನಾ ಕಂಡಿಲ್ಲಮ್ಮ,” ಅಂದರು ಅಪ್ಪ, ನಗುತ್ತಲೇ.

ಶರವಣನನ್ನು ನೋಡಿದೆ. ಏನಾದರೂ ಹೇಳುತ್ತಾನೆ ಅಂತ. “ಒಂದು ತಿಂಗಳು ತಾನೇ” ಅಂದ.

ಅಪ್ಪ ಒಬ್ಬರೇ ಹೋದರು.

ಜುಲೈ 20

ಕೊಟ್ಟಿಗೆಯಲ್ಲಿ ನಾನು, ಅತ್ತೆ. ಬಾಗಿಲು ಈಗ ಅವರು ಹಾಕುತ್ತಾರೆ. ತಲೆಗೂದಲಲ್ಲಿ ರೋಸ್, ಅನ್ನದಲ್ಲಿ ರೋಸ್.

ಮಧ್ಯಾಹ್ನ ಅವರು ಮಲಗಿದಾಗ ಎಸ್‌ಟಿಡಿ ಬೂತಿಗೆ ಓಡಿದೆ. ಅಮ್ಮನ ಹತ್ತಿರ ಮೂರೇ ನಿಮಿಷ. ಸಂಜೆಗೆ ಅತ್ತೆ — “ಬೂತಲ್ಲೆಲ್ಲ ನಿನ್ನ ವಾಸನೆ ಹೊಡೀತಿತ್ತಂತೆ. ಪಕ್ಕದ ಮನೆ ಪಾಪಮ್ಮಾಳ್ ಕೇಳ್ತಿದ್ಲು, ಸೊಸೆ ಯಾರಿಗೆ ಫೋನ್ ಮಾಡಿದ್ದು ಅಂತ.” ಬೈಯಲಿಲ್ಲ. ಅದೇ ಕಷ್ಟ.

ಜುಲೈ 23

ಸೋಪು ಮಾಡೋದು ನಿಮಗೇ ಕಲಿಸಿಬಿಡುತ್ತೇನೆ ಅಂದೆ ಅತ್ತೆಗೆ, ನನ್ನ ಇಂಗ್ಲಿಷ್ ನೋಟ್ಸ್ ತೆರೆದು.

“ಇಂಗ್ಲಿಷ್ ನಂಗೆ ಯಾತಕ್ಕೆ? ನೀ ಇದ್ದೀಯಲ್ಲ.”

ಇಡೀ ಬೆಳಗ್ಗೆ ತಕ್ಕಡಿ ಹಿಡಿದು ಕೂತೆ. ಅಂಗಳದ ಕಲ್ಲುಗಳನ್ನೆಲ್ಲ ತೂಗಿ ಒಂದು ಸಿಕ್ಕಿತು — ಒಂದು ಲೀಟರ್ ಎಣ್ಣೆಗೆ ಬೇಕಾದ ಸೋಡಾದಷ್ಟೇ ತೂಕ. ನೀರಿಗೆ ಒಂದು ಚೊಂಬಿನ ಗುರುತು. ಅಲ್ಯೂಮಿನಿಯಂ ಪಾತ್ರೆ ಮುಟ್ಟಬಾರದು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ಹತ್ತು ಸಲ ಹೇಳಿಸಿದೆ. ಕಾಲೇಜಿನಲ್ಲಿ ಮೂರು ವಾರ ಕಲಿತದ್ದು ಒಂದು ಕಲ್ಲು, ಒಂದು ಚೊಂಬು ಆಯಿತು.

ಜುಲೈ 26, ಸಂಜೆ

ಅತ್ತೆ ಒಬ್ಬರೇ ಕಲಕಿದರು. ನಾನು ಕೈ ಕಟ್ಟಿ ನಿಂತಿದ್ದೆ. ಕೋಲೆತ್ತಿದಾಗ ಮೇಲೆ ಗೆರೆ ನಿಂತಿತು — ಸರಿಯಾದ ಹದ. ಮಗುವಿನ ಹಾಗೆ ನಕ್ಕರು.

“ಇನ್ನು ನೀ ಏನಕ್ಕೆ?”

ತಮಾಷೆ. ತಮಾಷೆ ಅಂತಲೇ ಅಂದುಕೊಂಡೆ.

“ಹಾಗಾದ್ರೆ ಹೋಗಿ ಬರ್ಲಾ, ಅತ್ತೆ?”

ಕೋಲು ಒರೆಸಿದರು, ನಿಧಾನವಾಗಿ. “ಹೋಗು. ಆಡಿ ಮುಗಿಯೋವರೆಗೂ ಬರಬೇಡ, ಊರು ಬೈಯುತ್ತೆ.”

ಶರವಣನಿಗೆ ತಿಳಿಸಬೇಕಾ... ನಾಳೆ ಯೋಚಿಸುತ್ತೇನೆ. ಇನ್‌ಲ್ಯಾಂಡ್ ಕಾಗದ ಒಂದೇ ಇದೆ, ಚಿತ್ತು ಆಗಬಾರದು, ಮೊದಲು ಇಲ್ಲೇ ಬರೆದು ನೋಡುತ್ತೇನೆ —

ಅಮ್ಮಾ, ಅಪ್ಪನಿಗೆ ಸ್ಟೇಷನ್ನಿಗೆ ಬರೋಕೆ ಹೇಳು. ಶುಕ್ರವಾರ, ಮದುರೆಯಿಂದ ಬರುವ ಸಂಜೆ ಪ್ಯಾಸೆಂಜರ್—